ಕೆಂಪು ಎಂದು ಬರೆದ ಮರಿ

ಅರಬ್ಬೀ ಮರಿಯ ಹುಟ್ಟುಬಣ್ಣವನ್ನು ನಂಬಬಾರದು ಎಂಬುದು ಆ ಮನೆಯ ಮಕ್ಕಳಿಗೆ ಅಆಇಈಗಿಂತ ಮೊದಲಿನ ಪಾಠ. ಇಂದು ಕೆಂಪಗೆ ಕಂಡದ್ದು ಐದಾರು ವರ್ಷದಲ್ಲಿ ಹಾಲಿನ ಹಾಗೆ ಬೆಳ್ಳಗಾಗಿ ನಿಂತೀತು. ಗುಟ್ಟೆಲ್ಲ ಕಣ್ಣಿನ ಸುತ್ತ. ತಿಂಗಳು ತುಂಬಿದ ಮರಿಯನ್ನು ಅಪ್ಪ ಲಾಯದ ಹೊಸ್ತಿಲ ಬೆಳಕಿಗೆ ತಂದು, ಕನ್ನಡಕವನ್ನು ಹಣೆಗೇರಿಸಿ, ಹೆಬ್ಬೆರಳಿನಿಂದ ರೆಪ್ಪೆ ಸವರಿ ನೋಡುತ್ತಿದ್ದರು. ನಾಲ್ಕು ಬಿಳಿ ಕೂದಲು ಸಿಕ್ಕರೆ ಬಿಳಿ, ಇಲ್ಲದಿದ್ದರೆ ಇಲ್ಲ. ಆಮೇಲೆ ಗೋಡೆಯ ಮೇಲೆ ಬಣ್ಣದ ಕುಂಚದಿಂದ ಒಂದು ಸಾಲು: ತಾಯಿ, ತಾರೀಕು, ಬಣ್ಣ. ಹಾಗೆ ಮೂವತ್ತೊಂದು ಸಾಲುಗಳಿದ್ದವು. ಒಂದೂ ಸುಳ್ಳಾಗಿರಲಿಲ್ಲ.

ಮೂವತ್ತೆರಡನೆಯ ಸಾಲು ಮಗಳ ಕೈಬರಹ.

ಊರಿಗೆಲ್ಲ ಅವಳು ಕುದುರೆಯಕ್ಕ. ಮದುವೆಯಾಗಿ ಹೋದವಳು ಎರಡೇ ವರ್ಷಕ್ಕೆ ಮರಳಿದ್ದಳು. ಯಾಕೆಂದು ಕೇಳಿದವರಿಗೆ, "ಅಲ್ಲಿ ಕುದುರೆ ಇರಲಿಲ್ಲ" ಎಂದು ಬಾಯಿ ಮುಚ್ಚಿಸಿದ್ದಳು. ಮುದಿ ಬಿಳಿ ಕುದುರೆ ತನ್ನ ಕೊನೆಯ ಹೆಣ್ಣುಮರಿಯನ್ನು ಹಾಕಿದ ಇಪ್ಪತ್ತನೆಯ ದಿನ ಅಪ್ಪ ತೀರಿಕೊಂಡರು. ಮರುದಿನ ಬೆಳಿಗ್ಗೆ ಐದಕ್ಕೆ ಅವಳು ಎಂದಿನಂತೆ ಗೊರಸಿನ ಮಣ್ಣು ಕೆರೆಯುತ್ತಿದ್ದಳು. ಅಳು ಬರಲಿಲ್ಲ. ತೊಳೆದು ಬಿಟ್ಟ ಲಾಯದ ನೆಲದಂತೆ ಎದೆಯೊಳಗೆ ಏನೂ ಉಳಿದಿರಲಿಲ್ಲ. ನೋಂದಣಿಯ ಕಾಗದ ಹಿಡಿದು ಬಂದ ತಮ್ಮ, "ಬಣ್ಣ ಏನಕ್ಕಾ?" ಎಂದಾಗ ತಲೆಯೆತ್ತದೆ "ಕೆಂಪು" ಎಂದಳು. ಗೋಡೆಯ ಮೇಲೂ ಹಾಗೇ ಬರೆದಳು. ಹೊಸ್ತಿಲಿಗೆ ಮರಿಯನ್ನು ಯಾರೂ ತರಲಿಲ್ಲ.

ಮರಿಗೆ ಆರು ತಿಂಗಳಾದಾಗ ಪೇಟೆಯ ಹಲ್ಲಿನ ಡಾಕ್ಟರೊಬ್ಬರು ಬಂದು ಅದನ್ನೇ ಆರಿಸಿದರು. ಅವರ ಮನೆಯ ಕೆಂಪು ಕುದುರೆಗೆ ಅದೇ ಬಣ್ಣದ ಜೊತೆ ಬೇಕಿತ್ತು. ಇದೊಂದನ್ನು ಕೊಡುವುದಿಲ್ಲ ಎನ್ನಲು ಅವಳ ಒಂದು ಮಾತು ಸಾಕಾಗಿತ್ತು. ಆ ಮಾತು ನಾಲಿಗೆಯವರೆಗೂ ಬರಲಿಲ್ಲ. ತಾನೇ ಮುಖಪಟ್ಟಿ ಕಟ್ಟಿ ವ್ಯಾನು ಹತ್ತಿಸಿದಳು. ಮುದಿ ತಾಯಿ ಎರಡು ದಿನ ಬೇಲಿಯುದ್ದಕ್ಕೂ ಕೆನೆಯುತ್ತಾ ತಿರುಗಿತು. ಅವಳು ಹುಲ್ಲು ಹಾಕಿದಳು, ನೀರಿಟ್ಟಳು.

ಐದು ತಿಂಗಳಾದ ಮೇಲೆ ಅದೇ ವ್ಯಾನು ಅಂಗಳಕ್ಕೆ ಬಂತು.

"ನಾನು ತಗೊಂಡು ಹೋಗಿದ್ದು ಕೆಂಪು ಕುದುರೆ ಸ್ವಾಮಿ," ಡಾಕ್ಟರು ಇಳಿಯುತ್ತಲೇ ಶುರು ಮಾಡಿದರು. "ಇದಕ್ಕೆ ಯಾರೋ ದಿನಾ ಬೆಳಿಗ್ಗೆ ಎದ್ದು ಸುಣ್ಣ ಬಳೀತಿದಾರೆ. ನೋಡಿ ಮುಖಾನ!"

ತಮ್ಮ ನಕ್ಕ. "ಬಿಸಿಲಿಗೆ ಹಾಗೆ ಆಗುತ್ತೆ ಡಾಕ್ಟ್ರೇ. ಕೂದಲು ಉದುರಿದ ಮೇಲೆ ಸರಿಹೋಗುತ್ತೆ. ಕಾಗದದಲ್ಲಿ ಕೆಂಪು ಅಂತಾನೇ ಇದೆಯಲ್ಲ."

"ಕಾಗದಕ್ಕೆ ಜೀನು ಹಾಕ್ಕೊಂಡು ಕೂರಲಾ?"

"ಅಲ್ಲ ಡಾಕ್ಟ್ರೇ, ನಮ್ಮ ಮನೇಲಿ ಬಣ್ಣ ತಪ್ಪಿದ್ದೇ ಇಲ್ಲ. ಗೋಡೆ ನೋಡಿ ಬೇಕಾದ್ರೆ. ನಲವತ್ತು ವರ್ಷದ್ದು."

ಡಾಕ್ಟರು ಗೋಡೆಯತ್ತ ನೋಡಿದರು. ದನಿ ಸ್ವಲ್ಪ ತಗ್ಗಿತು. "ನಿಮ್ಮ ತಂದೆ ಹೇಳಿದ್ದಾ ಇದು? ಅವರು ಹೇಳಿದ್ದಾದ್ರೆ ಸರಿಯಪ್ಪ, ಇನ್ನೊಂದು ವರ್ಷ ಕಾಯ್ತೀನಿ."

ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ತಮ್ಮ ಕಣ್ಣಲ್ಲೇ ಸನ್ನೆ ಮಾಡಿದ. ಹೂಂ ಅಂದರೆ ಸಾಕು, ಅಪ್ಪನ ಹೆಸರು ಉಳಿಯುತ್ತದೆ, ವ್ಯಾನು ಹಿಂದಕ್ಕೆ ಹೋಗುತ್ತದೆ. ವ್ಯಾನಿನೊಳಗಿದ್ದ ಮರಿ ಕಾಲು ಬದಲಿಸಿ ನಿಂತ ಸದ್ದು ಕೇಳಿಸಿತು.

"ಅಪ್ಪ ಹೇಳಿದ್ದಲ್ಲ," ಎಂದಳು. "ಬರೆದವಳು ನಾನು. ಕಣ್ಣು ನೋಡಲೇ ಇಲ್ಲ."

"ಅಕ್ಕಾ!"

"ಕೊನೇ ಸಾಲು ಸುಳ್ಳು ಡಾಕ್ಟ್ರೇ. ಇದು ಬಿಳಿ ಮರಿ. ಇದನ್ನ ಬಿಟ್ಟುಹೋಗಿ. ಲಾಯದಲ್ಲಿ ಇದರ ಓರಗೆಯ ಕೆಂಪು ಮರಿಯೊಂದಿದೆ, ಅಪ್ಪನೇ ಕಣ್ಣು ನೋಡಿದ್ದು, ಅದನ್ನ ತಗೊಳ್ಳಿ."

"ಅದು ನಾನು ಸಾಕಿದ್ದು ಕಣೇ!" ತಮ್ಮನ ಮುಖ ಕಪ್ಪಿಟ್ಟಿತು. "ನಿನ್ನ ತಪ್ಪಿಗೆ ನನ್ನ ಮರಿನಾ?"

"ಹೂಂ ಕಣೋ. ಬೈಯೋದಿದ್ರೆ ಆಮೇಲೆ ಬೈಯಿ."

ಡಾಕ್ಟರು ಕೆಂಪು ಮರಿಯ ರೆಪ್ಪೆಯನ್ನು ಮೂರು ಸಲ ಸವರಿ ನೋಡಿ, "ಹಲ್ಲು ನೋಡೋದು ಬಿಟ್ಟು ಕಣ್ಣು ನೋಡೋ ಹಾಗಾಯ್ತಲ್ಲ ನನ್ನ ಬಾಳು" ಎಂದು ಗೊಣಗುತ್ತಾ ಅದನ್ನು ಏರಿಸಿಕೊಂಡು ಹೋದರು. ತಮ್ಮ ಬಾಲ್ದಿಯೊಂದನ್ನು ಒದ್ದು ಒಳಕ್ಕೆ ನಡೆದ.

ವ್ಯಾನಿನಿಂದ ಇಳಿಸಿಹೋದ ಮರಿಗೆ ಅವಳ ಗುರುತು ಹತ್ತಲಿಲ್ಲ. ಚಾಚಿದ ಅಂಗೈಯನ್ನು ಮೂಸಿ ಮುಖ ತಿರುಗಿಸಿತು. ಇರಲಿ ಎಂದುಕೊಂಡಳು. ಸಂತೋಷವಾಯಿತೇ ಎಂದು ತನ್ನೊಳಗೆ ಹುಡುಕಿದಳು, ಕೈಗೆ ಏನೂ ತಾಗಲಿಲ್ಲ. ಮುಖಪಟ್ಟಿ ಹಿಡಿದು ಹೊಸ್ತಿಲಿಗೆ ತಂದು, ಹೆಬ್ಬೆರಳಿನಿಂದ ರೆಪ್ಪೆ ಸವರಿದಳು. ನಾಲ್ಕಲ್ಲ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬೆಳ್ಳನೆಯ ಬಳೆಯೇ ಇತ್ತು. ಎಳೆಯ ಮರಿಗೆ ದಿನವೂ ಮೈ ಉಜ್ಜಿದ್ದಳು, ಇದೇ ಮುಖ ಒರೆಸಿದ್ದಳು. ಆಗಲೂ ನಾಲ್ಕು ಕೂದಲು ಇದ್ದಿರಬೇಕು.

ಕುಂಚ ತಂದಳು. ಕೆಂಪು ಎಂಬುದನ್ನು ಅಳಿಸಲಿಲ್ಲ. ಅದರ ಮೇಲೆ ಒಂದು ಗೀಟು ಎಳೆದು, ಪಕ್ಕದಲ್ಲಿ ಬಿಳಿ ಎಂದು ಬರೆದು, ಆ ದಿನದ ತಾರೀಕು ಹಾಕಿದಳು. ಬೆನ್ನ ಹಿಂದೆ ಮರಿ ತೊಟ್ಟಿಗೆ ಮೂತಿಯಿಟ್ಟು ನೀರು ಹೀರುತ್ತಿತ್ತು. ಅದು ಕುಡಿದು ಮುಗಿಸುವವರೆಗೂ ಕುಂಚ ಹಿಡಿದು ನಿಂತೇ ಇದ್ದಳು.