ರೈಲು ದಿಮ್ಮಿಯ ಏರುಮಡಿ

ಹಿತ್ತಲಲ್ಲಿ ಸೊಪ್ಪು ಬೆಳೆಯಲು ನೆಲದಿಂದ ಎತ್ತರಿಸಿ ಕಟ್ಟಿಸಿದ ಏರುಮಡಿಗೆ ಅರವತ್ತು ಯೂರೋ ಕೊಟ್ಟೆ. ಹೊಸ ಹಲಗೆಗೆ ಇದರ ಮೂರರಷ್ಟಾಗುತ್ತಿತ್ತು, ಚೌಕಾಸಿಯಲ್ಲಿ ಗೆದ್ದೆನೆಂದುಕೊಂಡೆ.

ಮರ ಮಾರಿ ಕಟ್ಟಿಕೊಟ್ಟವರು ಐರ್ಲೆಂಡಿನ ನೇಸ್‌ನ ನಮ್ಮ ಬೀದಿಯ ಹಿರಿಯರು, ಮೈಸೂರಿನವರು. ರೈಲು ಹಳಿಯಡಿಯ ಹಳೆಯ ದಿಮ್ಮಿಗಳನ್ನು ಜೋಡಿಸಿ, ಮಣ್ಣು ತುಂಬಿ, ಅಂಗೈಯಿಂದ ಎರಡೇಟು ಬಡಿದು, ಇಲ್ಲಿನ ಐರಿಷರಂತೆ "ಗ್ರ್ಯಾಂಡ್ ಆಗತ್ತೆ ಬಿಡಿ" ಅನ್ನುತ್ತಿದ್ದರು; ಏನೂ ತೊಂದರೆಯಿಲ್ಲ ಅಂತ ಅರ್ಥ.

ಜೂನ್ ಬಿಸಿಲಿಗೆ ದಿಮ್ಮಿಗಳಿಂದ, ಮರ ಕೊಳೆಯದಿರಲೆಂದು ಹಿಂದೆ ಕುಡಿಸಿದ್ದ ಡಾಂಬರಿನಂಥ ಎಣ್ಣೆ ಜಿನುಗಿ ಮೆಂತ್ಯದ ಬುಡಕ್ಕಿಳಿಯಿತು. ಆ ಸೊಪ್ಪನ್ನು ನನ್ನ ಮಗಳು ಹಸಿಯಾಗಿಯೇ ತಿನ್ನುತ್ತಿದ್ದಳು. ಇದೇನೆಂದು ಕೇಳಲು ಅವಳನ್ನೂ ಕರೆದುಕೊಂಡು ಆ ಹಿರಿಯರ ಹಿತ್ತಲಿಗೆ ಹೋದೆ. ಅಲ್ಲಿನ ಮಡಿಗಳೆಲ್ಲ ಇಟ್ಟಿಗೆಯವು.

"ನಿಮ್ಮದಕ್ಕೆ ಯಾಕೆ ಆ ಮರ ಹಾಕಿಲ್ಲ ಸಾರ್?"

"ನಮ್ಮನೇಲಿ ಮೊಮ್ಮಗು ಇದೆಯಲ್ರೀ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳತ್ತೆ. ನಿಮ್ದು ಗ್ರ್ಯಾಂಡ್ ಆಗತ್ತೆ ಬಿಡಿ."

ನನ್ನ ಬೆರಳು ಹಿಡಿದು ಮಗಳು ಅಲ್ಲೇ ನಿಂತಿದ್ದಳು.

ಅಂದೇ ದಿಮ್ಮಿಗಳನ್ನು ಕಿತ್ತು ಅವರ ಗೇಟಿಗೆ ಒರಗಿಸಿ ಬಂದೆ. ಹಳೆಯ ಮರ ಕೊಳ್ಳುವಾಗ ನೀವು ಮೊದಲು ಬೆಲೆ ಕೇಳಬೇಡಿ. ಮಾರುವವರು ತಮ್ಮ ಸೊಪ್ಪನ್ನು ಯಾವುದರಲ್ಲಿ ಬೆಳೆಯುತ್ತಾರೆ, ಹೋಗಿ ನೋಡಿ.