ಬೀದಿಯ ಆಚೆ ಮನೆ ಮಾಡಿದ ವರ್ಲೀನ್

ನಮ್ಮ ಬ್ರಿಸ್ಟಲ್ ಊರಿನ ನಡುಬೀದಿಯೇ ಎರಡು ರಾಜ್ಯಗಳ ಗಡಿ. ಬೀದಿಯ ಈಚೆ ಟೆನೆಸಿ, ಆಚೆ ವರ್ಜೀನಿಯಾ. ಚರ್ಚು ಈಚೆ ಇದ್ದರೆ ಔಷಧಿ ಅಂಗಡಿ ಆಚೆ. ದಾಟುವಾಗ ಯಾರೂ ಅದನ್ನು ನೆನೆಯುವುದಿಲ್ಲ. ನನ್ನ ಅಣ್ಣ ಹೋಬಾರ್ಟನ ಹೆಂಡತಿ ವರ್ಲೀನ್ ದಾಟಿದ್ದು ಮಾತ್ರ ಊರಿಗೆಲ್ಲ ಸುದ್ದಿಯಾಯಿತು.

ವರ್ಲೀನ್ ಕೂತಲ್ಲಿ ಕೂರುವ ಹೆಂಗಸಲ್ಲ. ಈಚೆ ಬದಿಯ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಮದುವೆಯಾದಾಗಿನಿಂದ ಅದೇ ದಾರಿ, ಅದೇ ತಿರುವುಗಳು. ಸಂಜೆ ಮನೆಗೆ ಬಂದ ಮೇಲೂ ಅಂಗಳದಲ್ಲಿ ಸುಮ್ಮನೆ ಅತ್ತಿತ್ತ ನಡೆಯುವಳು. "ಏನು ಹುಡುಕ್ತಿದೀಯೇ?" ಎಂದು ಅಣ್ಣ ಕೇಳಿದರೆ, "ಏನಿಲ್ಲ, ಕಾಲು ಸುಮ್ನಿರಲ್ಲ" ಎನ್ನುವಳು.

ಮಗಳು ಟ್ರೀವಾಗೆ ಚಿಕ್ಕಂದಿನಿಂದ ಗುಹೆಗಳ ಹುಚ್ಚು. ನಮ್ಮ ಬೆಟ್ಟಗಳ ಅಡಿಯಲ್ಲಿ ನೀರು ಹೇಗೆ ಹರಿಯುತ್ತದೆ ಎಂದು ಕಲಿಯಬೇಕಿತ್ತು ಅವಳಿಗೆ. ಅದನ್ನು ಚೆನ್ನಾಗಿ ಕಲಿಸುವವರು ವರ್ಜೀನಿಯಾ ಸರ್ಕಾರದ ಒಂದು ವಿಶ್ವವಿದ್ಯಾಲಯದಲ್ಲಿದ್ದರು. ಅರ್ಜಿ ಹಾಕಿದಳು, ಸೀಟು ಸಿಗಲಿಲ್ಲ. ಆಚೆ ಬದಿಯ ಕ್ಷೌರಿಕನ ಮಗನಿಗೆ ಟ್ರೀವಾಳೇ ಗಣಿತ ಹೇಳಿಕೊಟ್ಟಿದ್ದಳು, ಅವನಿಗೆ ಸಿಕ್ಕಿತು. ಫೋನು ಮಾಡಿ ಕೇಳಿದರೆ, ಹೊರರಾಜ್ಯದವರಿಗೆ ಸೀಟು ಕಡಿಮೆ, ಪೈಪೋಟಿ ಹೆಚ್ಚು ಎಂದರು.

"ನಮ್ಮನೆ ನಾಯಿ ದಿನಾ ಆ ರಾಜ್ಯಕ್ಕೆ ಹೋಗಿ ಕಾಲೆತ್ತಿ ಬರುತ್ತೆ. ನಾನು ಮಾತ್ರ ಹೊರಗಿನವಳಂತೆ," ಎಂದಳು ಟ್ರೀವಾ. ನಗಿಸಲು ಹೇಳಿದ್ದು, ಹೇಳಿ ತಾನೇ ಅತ್ತಳು.

ವರ್ಲೀನ್ ವಿಚಾರಿಸಿ ಬಂದಳು. ತಂದೆ ತಾಯಿಯಲ್ಲಿ ಒಬ್ಬರು ಆಚೆ ಮನೆ ಮಾಡಿ, ಅಲ್ಲೇ ದುಡಿದು, ಮಗಳನ್ನು ಜೊತೆಗಿಟ್ಟುಕೊಂಡು ಒಂದು ವರ್ಷ ಕಳೆದರೆ ಟ್ರೀವಾ ಆ ರಾಜ್ಯದವಳಾಗುತ್ತಾಳೆ. ಎಲ್ಲರೂ ಹೋಗೋಣ ಎಂದಳು.

"ನಮ್ಮಪ್ಪ ಕಟ್ಟಿದ ಮನೆ ಇದು," ಎಂದ ಅಣ್ಣ. "ಬೀದಿ ದಾಟೋಕೆ ನಾನೇನು ಕೋಳಿನಾ?"

ಆಚೆ ಬದಿಯಲ್ಲಿರುವ ನನ್ನ ಗೆಳತಿಯ ವಿಳಾಸ ಕೊಟ್ಟರಾಯಿತು ಎಂದು ನಾನು ಹೇಳಿದೆ. ವರ್ಲೀನ್ ಒಪ್ಪಲಿಲ್ಲ. "ಓದಿನ ಮಧ್ಯೆ ಸಿಕ್ಕಿಬಿದ್ರೆ ಮಗು ಗತಿ ಏನು ಒಲೀಟಾ? ಹೋಗೋದಾದ್ರೆ ನಿಜವಾಗ್ಲೂ ಹೋಗ್ತೀನಿ. ಒಂದು ವರ್ಷ ತಾನೆ."

ಬಸ್ಸಿನ ಕೆಲಸ ಬಿಟ್ಟು, ಆಚೆ ಬದಿಯ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗೆ ಮಗಳೊಡನೆ ಹೋದಳು. ವಯಸ್ಸಾದವರನ್ನು ದೂರದ ಆಸ್ಪತ್ರೆಗಳಿಗೆ ಕರೆದೊಯ್ಯುವ ವ್ಯಾನು ಓಡಿಸತೊಡಗಿದಳು. ಟ್ರೀವಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಚರ್ಚಿನಲ್ಲಿ ಗುಸುಗುಸು ಶುರುವಾಯಿತು: ಹೋಬಾರ್ಟ್ ಕುಡಿಯುತ್ತಾನಂತೆ, ಇಲ್ಲ, ಅವಳಿಗೇ ಯಾರೋ ಇದ್ದಾರಂತೆ. ಅಣ್ಣ ತನ್ನ ಪಿಕಪ್ ಗಾಡಿಯನ್ನು ಈಚೆ ಬದಿಯಲ್ಲಿ ನಿಲ್ಲಿಸಿ ಅವರ ಕೋಣೆಯ ಕಿಟಕಿಯನ್ನೇ ನೋಡುತ್ತಾ ಕೂರುತ್ತಿದ್ದ. ಮೆಟ್ಟಿಲು ಹತ್ತಿ ಹೋಗು ಎಂದು ನಾನು ಹೇಳಿದರೆ ಸಿಡುಕುತ್ತಿದ್ದ. ಹುರುಳಿಕಾಯಿ, ಜೋಳದ ರೊಟ್ಟಿ ಹೊತ್ತು ಎರಡೂ ಕಡೆ ಓಡಾಡಿದವಳು ನಾನು.

ವರ್ಷ ತುಂಬುತ್ತಾ ಬಂದಾಗ ಅವಳು ನಿಜವಾಗಿ ಆ ರಾಜ್ಯದವಳಾಗಿದ್ದಾಳೆಯೇ ಎಂದು ವಿಚಾರಿಸಲು ವಿಶ್ವವಿದ್ಯಾಲಯದವರು ವರ್ಲೀನಳನ್ನು ಕರೆಸಿದರು. ನಾನೂ ಜೊತೆಗೆ ಹೋದೆ. ಅಧಿಕಾರಿ ಮರ್ಯಾದಸ್ಥ. ಎಲ್ಲ ಕೇಳಿ ಮುಗಿಸಿ, "ಮಗಳ ಓದು ಮುಗಿದ ಮೇಲೂ ವರ್ಜೀನಿಯಾದಲ್ಲೇ ಇರ್ತೀರಾ?" ಎಂದ.

ವರ್ಲೀನ್ ಅವನ ಹಿಂದಿನ ಗೋಡೆ ನೋಡುತ್ತಾ, "ಇರ್ತೀನಿ," ಎಂದಳು.

ಹಿಂದಿರುಗುವಾಗ ಬೆಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿದಳು. "ಒಲೀಟಾ, ಸುಳ್ಳು ಹೇಳ್ತಿದೀನಿ ಅಂದ್ಕೊಂಡೆ. ಬಾಯಿಂದ ಬಂದ್ಮೇಲೆ ಗೊತ್ತಾಯ್ತು, ಸುಳ್ಳಲ್ಲ. ನಿಮ್ಮಣ್ಣನಿಗೆ ಹೇಗೆ ಹೇಳ್ಲಿ?"

"ನನ್ನ ಕೇಳ್ಬೇಡ. ನಾನು ಅವನ ತಂಗಿ," ಎಂದೆ. ಅವಳು ಮತ್ತೆ ಕಾರು ಹೊರಡಿಸಿದಳು.

ಟ್ರೀವಾ ಮತ್ತೆ ಹಾಕಿದ ಅರ್ಜಿಗೆ ವಸಂತದಲ್ಲಿ ಮೊದಲು ಬಂದ ಉತ್ತರ, ಸೀಟು ಖಾಲಿಯಾದರೆ ತಿಳಿಸುತ್ತೇವೆ, ಕಾಯಿರಿ ಎಂದು. ವಾರಗಟ್ಟಲೆ ತಾಯಿ ಮಗಳು ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕೊನೆಗೆ ಸೀಟು ಬಂತು. ಸುದ್ದಿ ಕೇಳಿದ ಅಣ್ಣ ಖಾಲಿ ಪೆಟ್ಟಿಗೆಗಳನ್ನು ಹೊತ್ತು ಮೊದಲ ಸಲ ಆ ಮೆಟ್ಟಿಲು ಹತ್ತಿದ.

"ಒಳ್ಳೇದಾಯ್ತು. ಟ್ರೀವಾ ಸಾಮಾನಿಗೆ ಬೇಕಿತ್ತು," ಎಂದಳು ವರ್ಲೀನ್.

"ನಿನ್ನ ಸಾಮಾನಿಗೆ?"

ಅವಳು ಒಂದು ಪೆಟ್ಟಿಗೆ ತೆಗೆದುಕೊಂಡು ಟ್ರೀವಾಳ ಮುಂದಿಟ್ಟಳು. ಅಣ್ಣ ಪೆಟ್ಟಿಗೆ ಕೆಳಗಿಟ್ಟ. "ನಾನೇನು ಮಾಡ್ದೆ ವರ್ಲೀನ್?"

"ಏನೂ ಮಾಡ್ಲಿಲ್ಲ. ನಿನ್ನ ಮೇಲೆ ಕೋಪಾನೂ ಇಲ್ಲ. ಇಲ್ಲಿ ನನಗೆ ಉಸಿರಾಡೋಕೆ ಆಗುತ್ತೆ, ಅಷ್ಟೇ."

ಟ್ರೀವಾಳ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ ನನಗೆ ಸೀಟೇ ಬೇಡಮ್ಮ."

"ನೀನು ಬಿಟ್ರೆ ನಾನು ವಾಪಸ್ ಹೋಗ್ತೀನಿ ಅಂದ್ಕೋಬೇಡ," ಎಂದಳು ವರ್ಲೀನ್. "ನಿನ್ನ ಓದೇ ಬೇರೆ, ಇದೇ ಬೇರೆ. ಪುಸ್ತಕ ತುಂಬು."

ಟ್ರೀವಾ ಹೋದಳು. ಈಗ ಕೊನೆಯ ವರ್ಷದಲ್ಲಿದ್ದಾಳೆ. ರಜೆಗೆ ಬಂದಾಗ ಎರಡೂ ಮನೆಯಲ್ಲಿ ಮಲಗುತ್ತಾಳೆ, ಎರಡರಲ್ಲೂ ಸರಿಯಾಗಿ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ. ಅಣ್ಣ ಅತ್ತಿಗೆ ಬೇರೆಯಾಗಲಿಲ್ಲ, ಒಂದಾಗಲೂ ಇಲ್ಲ. ಭಾನುವಾರ ಅಣ್ಣ ಅಲ್ಲಿಗೆ ಊಟಕ್ಕೆ ಹೋಗುತ್ತಾನೆ. ಕೆಲವೊಮ್ಮೆ ಮರುದಿನ ಬೆಳಿಗ್ಗೆ ಮನೆಗೆ ಬರುತ್ತಾನೆ. ಎಲ್ಲಿದ್ದೆ ಎಂದು ನಾನು ಕೇಳುವುದಿಲ್ಲ.

ಹೋದ ವಾರ ಅವನು ನನ್ನ ಅಡುಗೆಮನೆಯಲ್ಲಿ ಕಾಫಿ ಲೋಟ ತಿರುಗಿಸುತ್ತಾ, "ಅಪ್ಪನ ಮನೇಲಿ ನೀನು ಬಂದು ಇರ್ತೀಯಾ?" ಎಂದ.

"ನೀನೆಲ್ಲಿಗೆ ಹೋಗ್ತೀಯ?"

"ಇನ್ನೂ ಅವಳನ್ನ ಕೇಳಿಲ್ಲ," ಎಂದ. ಕೇಳಿದರೆ ವರ್ಲೀನ್ ಏನು ಹೇಳುತ್ತಾಳೋ ನನಗೂ ಗೊತ್ತಿಲ್ಲ.