ಕತಾರ್‌ಗಾಮ್ ಕಾರ್ಖಾನೆಯ ಕ್ಯಾಮೆರಾ

2024ರ ಬೇಸಿಗೆ. ನಾನಾಗ ಸೂರತ್‌ನಲ್ಲಿ ಕಾರ್ಮಿಕ ಕಾನೂನಿನ ಸಲಹೆಗಾರಳಾಗಿದ್ದೆ. ಪತಿಯ ವಿಮಾ ಕಂಪನಿಯ ವರ್ಗಾವಣೆ ನನ್ನನ್ನು ಧಾರವಾಡದ ಕೋರ್ಟಿನಿಂದ ಎತ್ತಿ ಅಲ್ಲಿಗೆ ತಂದು ಹಾಕಿತ್ತು. ಸಣ್ಣಪುಟ್ಟ ಕಾರ್ಖಾನೆಗಳ ಮಾಲೀಕರೇ ನನ್ನ ಕಕ್ಷಿದಾರರು. ಗುಜರಾತಿ ತಕ್ಕಮಟ್ಟಿಗೆ ಬರುತ್ತಿತ್ತು. ಅದರ ಜೊತೆಗೆ ಅಲ್ಲಿನವರ ರೀತಿ ರಿವಾಜೂ ತಿಳಿದಿದೆ ಎಂಬ ಜಂಭ ಬೇರೆ.

ಸೂರತ್‌ನ ಕತಾರ್‌ಗಾಮ್ ಬಡಾವಣೆಯಲ್ಲಿ ಒಂದು ಎಂಬ್ರಾಯ್ಡರಿ ಕಾರ್ಖಾನೆ. ಮಷೀನಿನಿಂದ ಇಳಿದ ಸೀರೆಯಲ್ಲಿ ಒಂದು ಹೂವಿನಿಂದ ಇನ್ನೊಂದು ಹೂವಿಗೆ ದಾರ ಜೋತಾಡುತ್ತಿರುತ್ತದೆ. ಅದನ್ನು ಪುಟ್ಟ ಕತ್ತರಿಯಿಂದ ಬುಡಕ್ಕೆ ಕತ್ತರಿಸುವುದು ಮೇಲಿನ ಮಹಡಿಯ ಹೆಂಗಸರ ಕೆಲಸ. ಅವರಲ್ಲಿ ಹೆಚ್ಚಿನವರು ಸೌರಾಷ್ಟ್ರದ ಕಡೆಯವರು. ಸೀರೆಗಳು ಕಳುವಾಗುತ್ತಿವೆ ಎಂಬ ಅನುಮಾನದಿಂದ ಮಾಲೀಕರು ಆ ಕೋಣೆಗೆ ಸಿಸಿಟಿವಿ ಹಾಕಿಸಬಹುದೇ ಎಂದು ನನ್ನ ಅಭಿಪ್ರಾಯ ಕೇಳಿದರು.

ಕೆಲಸದ ಜಾಗದಲ್ಲಿ ಕ್ಯಾಮೆರಾ ಇಡಬಾರದೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಶೌಚಾಲಯದಲ್ಲೋ ಬಟ್ಟೆ ಬದಲಿಸುವ ಕೋಣೆಯಲ್ಲೋ ಕ್ಯಾಮೆರಾ ಇಟ್ಟರೆ ಜೈಲು. ಹಾಗಾಗಿ ನಾನು ಬರೆದುಕೊಟ್ಟೆ: ಅಂಥ ಕಡೆ ಬೇಡ, ಕೆಲಸದ ಹಾಲ್‌ನಲ್ಲಿ ಇಡಬಹುದು, ಗುಜರಾತಿಯಲ್ಲಿ ಬೋರ್ಡ್ ಹಾಕಿ, ಉದ್ದೇಶ ಮೊದಲೇ ತಿಳಿಸಿ. ಮಾಲೀಕರು ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದರು. ನಾನೇ ಹೋಗಿ ನೋಡಿ ಬೆನ್ನು ತಟ್ಟಿ ಬಂದೆ.

ಕೆಲವು ತಿಂಗಳ ನಂತರ ಅವರ ಫೋನ್ ಬಂತು. ಹಂಸಾ ಎಂಬಾಕೆ ದಾರದ ಜೊತೆ ಸೀರೆಯನ್ನೇ ಕತ್ತರಿಸಿ ತೂತು ಮಾಡುತ್ತಿದ್ದಾಳೆ, ವಿಡಿಯೋ ಇದೆ, ತೆಗೆದುಹಾಕಬೇಕು ಎಂದರು. ತೆಗೆದುಹಾಕುವ ಮೊದಲು ಆರೋಪಿಯ ಮಾತು ಕೇಳುವುದು ಕಡ್ಡಾಯ. ಇದಕ್ಕೆ ಆಂತರಿಕ ವಿಚಾರಣೆ ಎನ್ನುತ್ತಾರೆ. ವಿಚಾರಣಾಧಿಕಾರಿಯಾಗಿ ನಾನೇ ಕುಳಿತೆ.

ಕ್ಯಾಮೆರಾಗಳ ಉಸ್ತುವಾರಿ ಭಿಖುಭಾಯ್ ಎಂಬ ಹಿರಿಯರದು. ಅವರೇ ಕಂಪ್ಯೂಟರ್ ಮುಂದೆ ಕುಳಿತು ವಿಡಿಯೋ ಹಾಕಿದರು. ಅದರಲ್ಲಿ ಹಂಸಾ ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಕತ್ತರಿ ಆಡಿಸುತ್ತಿದ್ದಳು. ನನ್ನ ಮುಂದೆಯೂ ಹಾಗೇ ನಿಂತಿದ್ದಳು. ಏನು ಕೇಳಿದರೂ ಉತ್ತರವಿಲ್ಲ. ತಪ್ಪು ಮಾಡಿದ್ದಾಳೆ, ಅದಕ್ಕೇ ಮುಖ ತೋರಿಸುತ್ತಿಲ್ಲ ಅಂದುಕೊಂಡೆ. ‘ಸಾಕಷ್ಟು ಅವಕಾಶ ಕೊಟ್ಟರೂ ಉತ್ತರಿಸಲಿಲ್ಲ’ ಎಂದು ಬರೆದು ಎದ್ದೆ.

ಮೆಟ್ಟಿಲಿಳಿಯುವಾಗ ಅದೇ ಹಾಲ್‌ನ ಹಿರಿಯ ಕೆಲಸಗಾರ್ತಿ ರೇಖಾಬೆನ್ ಹಿಂದೆಯೇ ಓಡಿಬಂದರು. ಇಲ್ಲಿಂದ ಮುಂದೆ ಎಲ್ಲರ ಗುಜರಾತಿಯನ್ನೂ ನನ್ನ ಧಾರವಾಡದ ಮಾತಿನಲ್ಲೇ ಹೇಳುತ್ತೇನೆ; ‘ಬೆನ್’ ಎಂದರೆ ಅಕ್ಕ.

"ವಕೀಲ್‌ಬೆನ್, ಭಿಖುಭಾಯ್ ಆಕಿ ಮಾವ ಅದಾರ್ರೀ. ಮಾವನ್ನ ಎದುರಿಗೆ ಕುಂದ್ರಿಸಿಕೊಂಡು ಕೇಳಿದ್ರ ಸೊಸಿ ಹೆಂಗ ಬಾಯಿ ಬಿಡ್ತಾಳ?"

ಸೌರಾಷ್ಟ್ರದ ಆ ಮನೆಗಳಲ್ಲಿ ಮಾವ ಒಳಗೆ ಬರುವ ಮುನ್ನ ಬಾಗಿಲಲ್ಲೇ ಕೆಮ್ಮುತ್ತಾನೆ. ಸೊಸೆ ಸೆರಗೆಳೆದುಕೊಂಡು ಮಾತು ನಿಲ್ಲಿಸುತ್ತಾಳೆ. ಇದಕ್ಕೆ ಲಾಜ್ ಎನ್ನುತ್ತಾರೆ. ನಾನು ಒಪ್ಪಿಗೆ ಕೊಟ್ಟ ಕ್ಯಾಮೆರಾಗೆ ಕೆಮ್ಮು ಬರುವುದಿಲ್ಲ. ಮಾವ ಯಾವ ಗಳಿಗೆಯಲ್ಲಿ ನೋಡುತ್ತಾರೋ ತಿಳಿಯದೆ ಹಂಸಾ ಇಡೀ ದಿನ ಮುಖ ಮುಚ್ಚಿಕೊಂಡೇ ದಾರ ಕತ್ತರಿಸುತ್ತಿದ್ದಳು. ಕಣ್ಣಿಗೆ ಕಾಣದ ದಾರದ ಬದಲು ಬಟ್ಟೆ ಕತ್ತರಿಗೆ ಸಿಕ್ಕಿತ್ತು.

ಅಂದೇ ತಿರುಗಿ ಹತ್ತಿ ಹೋಗಿ, ಭಿಖುಭಾಯ್‌ರನ್ನು ಹೊರಗೆ ಕಳಿಸಿ ವಿಚಾರಣೆಯನ್ನು ಮತ್ತೆ ತೆರೆದೆ. ಹಂಸಾ ಸೆರಗು ಸರಿಸಿದಳು. ಅಳುತ್ತಲೇ ಮಾತಾಡಿದಳು. ಜಾಗ ಬದಲಿಸಿ ಎಂದು ಮಾಲೀಕರನ್ನು ಬೇಡಿಕೊಂಡಿದ್ದಳಂತೆ. ಯಾವ ಮೂಲೆಗೆ ಹೋದರೂ ಕ್ಯಾಮೆರಾ ಇದೆ ಎಂದು ಅವರು ನಕ್ಕಿದ್ದರಂತೆ. ಹೊರಗೆ ಭಿಖುಭಾಯ್ ನನಗೆ ಕೈಮುಗಿದು, "ಪರದೆ ಮ್ಯಾಲೆ ಆಕಿ ಕಂಡ್ರ ನಾನೂ ಮಾರಿ ತಿರುಗಿಸ್ತಿದ್ದೆ ಬೆನ್. ನೋಡೂದು ನನ್ನ ನೌಕರಿ, ಏನ್ ಮಾಡ್ಲಿ?" ಎಂದರು.

ಆರೋಪ ಸಾಬೀತಾಗಿಲ್ಲ, ಕ್ಯಾಮೆರಾ ನೋಡುವ ಕೆಲಸ ಮಹಿಳಾ ಸೂಪರ್‌ವೈಸರ್‌ಗೆ ಕೊಡಬೇಕು ಎಂದು ವರದಿ ಬರೆದೆ. ಮಾಲೀಕರು ಗೊಣಗುತ್ತಲೇ ಒಪ್ಪಿದರು. ಭಿಖುಭಾಯ್‌ರ ಗತಿಯೇನು ಎಂದು ಕೇಳಲು ಮಾತ್ರ ನನಗೆ ಹೊಳೆಯಲೇ ಇಲ್ಲ. ಅವರನ್ನು ಗೇಟಿನ ಕಾವಲಿಗೆ ಹಾಕಿದರು. ನೆರಳಿಲ್ಲದ ಗೇಟು, ಸೂರತ್‌ನ ಬಿಸಿಲು, ಆ ವಯಸ್ಸು.

ಹಂಸಾ ಕೆಲಸಕ್ಕೆ ಬರಲಿಲ್ಲ. ನಾನೇ ಅವರ ಮನೆಗೆ ಹೋದೆ.

"ಇನ್ನ ನಿಮ್ಮ ಮಾವ ನೋಡಂಗಿಲ್ಲವ್ವಾ, ಬಾ" ಎಂದೆ.

"ನನ್ನ ಸಲುವಾಗಿ ಮಾವ ಬಿಸಿಲಾಗ ನಿಂತಾರ. ಅವರ ಮುಂದ ಹಾದು ಹೋಗಿ ನಾ ಫ್ಯಾನಿನ ಕೆಳಗ ಕುಂದ್ರಲೇನ್ರೀ ಬೆನ್?"

ನಾನು ಮಾಲೀಕರ ಬಳಿ ಎರಡು ಸಲ ಹೋಗಿ ಬೇಡಿದೆ. ಒಳಗೆ ಕೊಡಲು ಬೇರೆ ಕೆಲಸವಿಲ್ಲ ಎಂದರು. ಹಾಗೆ ಹೇಳುವ ಹಕ್ಕು ಅವರಿಗಿತ್ತು. ಹಂಸಾ ಮತ್ತೆ ಕೆಲಸಕ್ಕೆ ಬರಲೇ ಇಲ್ಲ.

ಆ ಮನೆಯ ನೆನಪಾದರೆ ಇಂದಿಗೂ ತಪ್ಪಿತಸ್ಥಳ ಹಾಗೆ ತಲೆ ತಗ್ಗುತ್ತದೆ. ಈಗ ಯಾರಾದರೂ ಕ್ಯಾಮೆರಾದ ಬಗ್ಗೆ ಅಭಿಪ್ರಾಯ ಕೇಳಿದರೆ ಅದು ಯಾವ ಕಡೆ ತಿರುಗಿದೆ ಎಂದಷ್ಟೇ ನೋಡುವುದಿಲ್ಲ. ನೋಡುವವರು ಯಾರು, ಕೆಲಸದಲ್ಲಿರುವವರಿಗೆ ಅವರು ಏನಾಗಬೇಕು, ನೋಡುವುದನ್ನು ಬಿಡಿಸಿದರೆ ಅವರ ಹೊಟ್ಟೆಪಾಡೇನು ಎಂದು ಕೇಳುತ್ತೇನೆ. ಇದನ್ನೆಲ್ಲ ಕೇಳು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ನನಗೆ ಹೇಳಿಕೊಟ್ಟವಳು ಹಂಸಾ. ಅದಕ್ಕಾಗಿ ಕೆಲಸ ಕಳೆದುಕೊಂಡವಳೂ ಅವಳೇ.